ಟೆಕ್ಸಾಸ್‌ನಲ್ಲಿ ಆದಾಯ ತೆರಿಗೆ ಇಲ್ಲವಲ್ಲ, ಕ್ಯಾಲಿಫೋರ್ನಿಯಾ ಬಿಟ್ಟು ಡಾಲಸ್ ಕಡೆ ಹೊಸ ಮನೆ ತಗೊಂಡರೆ ಲಾಭವೇ?

ನಾನೂ ಇದೇ ಲೆಕ್ಕ ಹಾಕಿಕೊಂಡು ಇಲ್ಲಿಗೆ ಬಂದವನು. ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ ಅನ್ನೋದು ನಿಜ. 2019ರಲ್ಲಿ ಜನರ ವೋಟು ಪಡೆದು ರಾಜ್ಯದ ಸಂವಿಧಾನದಲ್ಲೇ ಅದನ್ನು ನಿಷೇಧಿಸಿದ್ದಾರೆ. ಆದರೆ ನಿಮ್ಮ ಪ್ರಶ್ನೆಯಲ್ಲಿರುವ ‘ಲಾಭ’ ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ಕೆಲಸ ಹೋದರೆ ಕ್ಯಾಲಿಫೋರ್ನಿಯಾದ ಆದಾಯ ತೆರಿಗೆ ತಾನಾಗಿ ನಿಲ್ಲುತ್ತದೆ. ಇಲ್ಲಿನ ಪ್ರಾಪರ್ಟಿ ಟ್ಯಾಕ್ಸ್ ನಿಲ್ಲೋದಿಲ್ಲ. ಲೇಆಫ್ ಕಾಲದಲ್ಲಿ ಐಟಿ ಕೆಲಸದವರು ಮೊದಲು ಯೋಚಿಸಬೇಕಾದದ್ದು ಇದನ್ನೇ.

ಹೀಗ್ಯಾಕೆ ಅಂದರೆ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು. ಅಂತರ್ಯುದ್ಧದ ನಂತರದ ಸರ್ಕಾರಗಳ ಮೇಲಿನ ಸಿಟ್ಟಿನಲ್ಲಿ, ರಾಜ್ಯ ಸರ್ಕಾರದ ಕೈ ಕಟ್ಟಿಹಾಕುವಂತೆ ಬರೆದದ್ದು 1876ರ ಸಂವಿಧಾನ. ಈಗಲೂ ಅದೇ ಜಾರಿಯಲ್ಲಿದೆ. ಶಾಸನಸಭೆಯ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. 1982ರಲ್ಲಿ ರಾಜ್ಯ ಮಟ್ಟದ ಪ್ರಾಪರ್ಟಿ ಟ್ಯಾಕ್ಸನ್ನೂ ತೆಗೆದುಹಾಕಿದರು. ಹಾಗಾಗಿ ಖರ್ಚಿನ ದೊಡ್ಡ ಭಾರ ಸ್ಥಳೀಯ ಸಂಸ್ಥೆಗಳ ತಲೆಗೆ ಬಂತು. ಕೌಂಟಿಗಳೇ (ನಮ್ಮ ಜಿಲ್ಲೆಯ ಹಾಗೆ) 254 ಇವೆ. ಅದರ ಮೇಲೆ ಸಿಟಿ, ಸರ್ಕಾರಿ ಶಾಲೆ ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್, ಕಮ್ಯುನಿಟಿ ಕಾಲೇಜು, ಕೆಲವು ಕಡೆ ಆಸ್ಪತ್ರೆ ಡಿಸ್ಟ್ರಿಕ್ಟ್. ಒಂದೇ ಮನೆಯ ಮೇಲೆ ಇವರೆಲ್ಲರೂ ಬೇರೆ ಬೇರೆ ದರ ಹಾಕುತ್ತಾರೆ.

ಹೊಸ ಬಡಾವಣೆಗಳಲ್ಲಿ ಇನ್ನೊಬ್ಬರು ಸೇರಿಕೊಳ್ಳುತ್ತಾರೆ: ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್, ಎಲ್ಲರ ಬಾಯಲ್ಲಿ ‘ಮಡ್’. ಊರಾಚೆ ನೀರು, ಒಳಚರಂಡಿ ಹಾಕಲು ಮಾಡಿದ ಖರ್ಚನ್ನು ಬಾಂಡ್ ಸಾಲದಿಂದ ತುಂಬಿಕೊಳ್ಳುತ್ತಾರೆ. ಆ ಸಾಲ ತೀರಿಸೋದು ಅಲ್ಲಿ ಮನೆ ಕೊಂಡವರು. ಮನೆಗಳು ಹೆಚ್ಚಾಗಿ ಸಾಲ ತೀರುತ್ತಾ ಬಂದಂತೆ ದರ ಸಾಮಾನ್ಯವಾಗಿ ಇಳಿಯುತ್ತದೆ. ಬಡಾವಣೆ ಹೊಸದಾದಷ್ಟೂ ನಿಮ್ಮ ಪಾಲು ಜಾಸ್ತಿ.

ನನಗೆ ಪೆಟ್ಟು ಬಿದ್ದದ್ದು ಹೊಸ ಮನೆಯ ಮೊದಲ ವರ್ಷದ ಬಿಲ್ ನಂಬಿದ್ದಕ್ಕೆ. ನೀವೂ ಅಲ್ಲೇ ಬೀಳುವ ಹಾಗೆ ಕಾಣುತ್ತೆ, ಅದಕ್ಕೇ ಬಿಡಿಸಿ ಹೇಳ್ತೀನಿ. ಟೆಕ್ಸಾಸ್‌ನಲ್ಲಿ ಬೆಲೆ ಕಟ್ಟೋದು ಜನವರಿ 1ರಂದು ಆಸ್ತಿ ಹೇಗಿತ್ತೋ ಅದಕ್ಕೆ. ಅವತ್ತು ಅಲ್ಲಿ ಬರೀ ಸೈಟು ಇದ್ದು, ನೀವು ಜುಲೈನಲ್ಲಿ ಗೃಹಪ್ರವೇಶ ಮಾಡಿದಿರಿ ಅಂದರೆ, ಆ ವರ್ಷದ ಬಿಲ್ ಖಾಲಿ ಸೈಟಿನದು. ಉದಾಹರಣೆಗೆ ಮನೆ 5,50,000 ಡಾಲರ್, ಸೈಟಿಗೆ ಕಟ್ಟಿದ ಬೆಲೆ 1,00,000, ಒಟ್ಟು ದರ 2.5% (ಶಾಲೆಗೆ 1.2, ಮಡ್ ಸೇರಿ ಉಳಿದವರಿಗೆ 1.3) ಅಂತಿಟ್ಟುಕೊಳ್ಳಿ. ಮೊದಲ ವರ್ಷ 2,500 ಡಾಲರ್. ಎರಡನೇ ವರ್ಷ ಪೂರ್ತಿ ಮನೆ ಲೆಕ್ಕಕ್ಕೆ ಬರುತ್ತದೆ. ಹೋಮ್‌ಸ್ಟೆಡ್ ವಿನಾಯಿತಿ (ಸ್ವಂತ ವಾಸದ ಮನೆಗೆ ಸಿಗುವ ರಿಯಾಯಿತಿ) 1,40,000 ಡಾಲರ್ ಕಳೆಯೋದು ಶಾಲೆಯ ಭಾಗಕ್ಕೆ ಮಾತ್ರ, ಅಂದರೆ 4,10,000ಕ್ಕೆ 4,920. ಉಳಿದವರು ತಮ್ಮ ಕಡೆಯಿಂದ ಏನೂ ಬಿಡದಿದ್ದರೆ ಪೂರ್ತಿ 5,50,000ಕ್ಕೆ 7,150. ಒಟ್ಟು 12,070.

ಈಗ ಬ್ಯಾಂಕಿನ ಎಸ್ಕ್ರೋ ಕಡೆ ಬನ್ನಿ, ಅಂದರೆ ತೆರಿಗೆ ಕಟ್ಟಲು ಸಾಲದ ಕಂತಿನ ಜೊತೆಗೇ ತಿಂಗಳಾ ದುಡ್ಡು ತೆಗೆದಿಡುವ ಖಾತೆ. ಅವರು ಸೈಟಿನ ಬಿಲ್ ಹಿಡಿದು ತಿಂಗಳಿಗೆ 208 ಡಾಲರ್ ತೆಗೆದಿಟ್ಟಿರುತ್ತಾರೆ. ನಿಜವಾದ ಬಿಲ್ ಬಂದಾಗ 9,570 ಕೊರತೆ. ಬಾಕಿ ತುಂಬಲು ತಿಂಗಳಿಗೆ 797, ಮುಂದಿನ ಬಿಲ್ಲಿಗೆ ಇನ್ನೊಂದು 797. ಕಂತು ಒಮ್ಮೆಗೇ ಸುಮಾರು 1,600 ಡಾಲರ್‌ನಷ್ಟು ಏರುತ್ತದೆ, ಅದೂ ಬಡ್ಡಿದರ ಒಂದು ಪೈಸೆ ಬದಲಾಗದೆ! ಆದ್ದರಿಂದ ಸಹಿ ಹಾಕುವ ಮೊದಲೇ ‘ಪೂರ್ತಿ ಮನೆಯ ಬೆಲೆಗೆ ಎಸ್ಕ್ರೋ ಲೆಕ್ಕ ಹಾಕಿ’ ಅಂತ ಬರೆದು ಕೇಳಿ. ಒಪ್ಪದಿದ್ದರೆ ಆ ವ್ಯತ್ಯಾಸ ನೀವೇ ಪಕ್ಕಕ್ಕಿಡಿ. ಹಳೇ ಮನೆ ಕೊಂಡರೂ ಮಾರುವವರ ಬಿಲ್ ನಂಬಬೇಡಿ. ಸ್ವಂತ ವಾಸದ ಮನೆಯ ತೆರಿಗೆ ಬೆಲೆ ವರ್ಷಕ್ಕೆ 10%ಕ್ಕಿಂತ ಹೆಚ್ಚು ಏರುವಂತಿಲ್ಲ, 65 ದಾಟಿದವರಿಗೆ ಶಾಲೆ ತೆರಿಗೆಗೇ ಮಿತಿ ಇದೆ. ಕೈ ಬದಲಾದ ಮೇಲೆ ಅವರಿಗಿದ್ದ ಆ ಎರಡೂ ಮಿತಿ ನಿಮಗೆ ಬರೋದಿಲ್ಲ.

ಹೋಮ್‌ಸ್ಟೆಡ್ ಅರ್ಜಿ (ಫಾರ್ಮ್ 50-114) ಆಸ್ತಿಗೆ ಬೆಲೆ ಕಟ್ಟುವ ಸ್ಥಳೀಯ ಕಚೇರಿ, ಅಂದರೆ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ಹಾಕಬೇಕು, ಪೂರ್ತಿ ಉಚಿತ. ‘ನಾವು ಮಾಡಿಕೊಡ್ತೀವಿ’ ಅಂತ ದುಡ್ಡು ಕೇಳುವ ಕಾಗದ ಅಂಚೆಯಲ್ಲಿ ಬಂದರೆ ಹರಿದು ಬಿಸಾಕಿ. ಡ್ರೈವಿಂಗ್ ಲೈಸೆನ್ಸ್ ವಿಳಾಸ ಮನೆಯ ವಿಳಾಸದ್ದೇ ಇರಬೇಕು, ಹೆಚ್ಚಿನ ಅರ್ಜಿ ವಾಪಸ್ ಬರೋದು ಇಲ್ಲೇ. ಬೆಲೆ ಜಾಸ್ತಿ ಕಟ್ಟಿದ್ದಾರೆ ಅನಿಸಿದರೆ ಮೇ 15 ಅಥವಾ ನೋಟಿಸ್ ಕಳಿಸಿದ ದಿನದಿಂದ 30 ದಿನ, ಯಾವುದು ತಡವೋ ಅದರೊಳಗೆ ತಕರಾರು ಹಾಕಿ.

ಇನ್ನು ಮಣ್ಣು. ಡಾಲಸ್‌ನ ಉತ್ತರದಿಂದ ಸ್ಯಾನ್ ಆಂಟೋನಿಯೋವರೆಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಹಬ್ಬಿದೆ. ನೀವು ಗದಗ, ವಿಜಯಪುರದ ಕಡೆಯವರಾದರೆ ವಿವರಿಸಬೇಕಿಲ್ಲ, ಅದೇ ಎರೆಮಣ್ಣಿನ ಜಾತಿ, ಒಂದು ಕಾಲಕ್ಕೆ ಇಲ್ಲೂ ಹತ್ತಿಯದೇ ದರ್ಬಾರು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿಬಿಡುತ್ತದೆ. ಇಲ್ಲಿನ ಮನೆಗಳಿಗೆ ಆಳದ ಪಾಯ ಕಡಿಮೆ, ನೆಲದ ಮೇಲೆ ಕಾಂಕ್ರೀಟ್ ಸ್ಲ್ಯಾಬ್. ಮಣ್ಣು ಒಂದು ಕಡೆ ಕುಗ್ಗಿದರೆ ಸ್ಲ್ಯಾಬ್ ಬಾಗಿ ಬಾಗಿಲು ಸಿಕ್ಕಿಕೊಳ್ಳುತ್ತವೆ, ಚೌಕಟ್ಟಿನ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಸಾಮಾನ್ಯ ಇನ್ಶೂರೆನ್ಸ್ ಇದಕ್ಕೆ ಕೊಡೋದಿಲ್ಲ. ಸ್ಲ್ಯಾಬಿನಿಂದ 12ರಿಂದ 18 ಇಂಚು ದೂರಕ್ಕೆ ಸೋಕರ್ ಪೈಪ್ (ಮೈಯೆಲ್ಲಾ ನೀರು ಜಿನುಗುವ ಪೈಪ್) ಹಾಕಿ ಬೇಸಿಗೆಯಲ್ಲಿ ನೀರು ಬಿಡಬೇಕು. ಉದ್ದೇಶ ಒಂದೇ ಹದದ ತೇವ, ಕೆಸರು ಮಾಡೋದಲ್ಲ. ಆಸ್ಟಿನ್‌ನಲ್ಲಿ ಪಶ್ಚಿಮಕ್ಕೆ ಸುಣ್ಣಕಲ್ಲಿನ ಗುಡ್ಡ, ಪೂರ್ವಕ್ಕೆ ಎರೆ. ಒಂದೇ ಊರು, ಎರಡು ಥರದ ಪಾಯ.

ಕರೆಂಟು: ರಾಜ್ಯದ ಸುಮಾರು 90% ಬಳಕೆ ಎರ್ಕಾಟ್ ಅನ್ನೋ ಸ್ವಂತ ಗ್ರಿಡ್‌ನಲ್ಲಿದೆ. ಹೊರಗಿನಿಂದ ಹೆಚ್ಚು ವಿದ್ಯುತ್ ತರಿಸಲು ಆಗಲ್ಲ, 2021ರ ಫೆಬ್ರವರಿ ಚಳಿಯಲ್ಲಿ ಕರೆಂಟು ಹೋದಾಗ ಅದು ಗೊತ್ತಾಯಿತು. ಆಸ್ಟಿನ್, ಸ್ಯಾನ್ ಆಂಟೋನಿಯೋದಲ್ಲಿ ನಗರದ್ದೇ ಕಂಪನಿ. ಡಾಲಸ್, ಹ್ಯೂಸ್ಟನ್‌ನಲ್ಲಿ ನೀವೇ ಪ್ಲಾನ್ ಆರಿಸಬೇಕು. 1,000 ಯೂನಿಟ್ ಮುಟ್ಟಿದರೆ ಮಾತ್ರ ರಿಯಾಯಿತಿ ಅನ್ನೋ ಪ್ಲಾನ್ ಬೇಡ, 990ಕ್ಕೆ ನಿಂತ ತಿಂಗಳು ಬಿಲ್ ಉರಿಯುತ್ತದೆ.

ನನ್ನ ಮಾತು ಕೇಳೋದಾದರೆ ಮೊದಲ ವರ್ಷ ಬಾಡಿಗೆಗಿರಿ. ಆಮೇಲೆ ಮಡ್ ಇಲ್ಲದ, ಹತ್ತು ವರ್ಷ ಹಳೆಯ ಮನೆ ನೋಡಿ, ಸ್ಲ್ಯಾಬ್ ಪರೀಕ್ಷೆಗೆ ಮಾರುವವರು ಹೇಳಿದವರನ್ನು ಬಿಟ್ಟು ಬೇರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಡಾಲಸ್ ಆಲಿಕಲ್ಲಿನ ಸೀಮೆ, ಛಾವಣಿಯ ವಯಸ್ಸು ಕೇಳೋದು ಮರೆಯಬೇಡಿ. ಪಾಲಿಸಿಯಲ್ಲಿ ಆಲಿಕಲ್ಲಿಗೆ ಡಿಡಕ್ಟಿಬಲ್ ಬೇರೆ ಇರುತ್ತದೆ. 5,00,000 ಡಾಲರ್ ವಿಮೆಗೆ 2% ಅಂದರೆ ಮೊದಲ 10,000 ನಿಮ್ಮ ಕೈಯಿಂದಲೇ.