‘ಮೋರ್ ಸ್ವೀಟರ್’ ಅಂದರೆ ತಪ್ಪೇನು?

ಪ್ರಶ್ನೆ: ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ‘ಬಾದಾಮಿ ಈಸ್ ಮೋರ್ ಸ್ವೀಟರ್ ದ್ಯಾನ್ ತೋತಾಪುರಿ’ ಅಂತ ಬರೆದಿದ್ದಳು. ಟೀಚರ್ ‘ಮೋರ್’ ಹೊಡೆದುಹಾಕಿದ್ದಾರೆ. ‘ಮೋರ್ ಬ್ಯೂಟಿಫುಲ್’ಗೆ ಮಾತ್ರ ರೈಟ್ ಹಾಕಿದ್ದಾರೆ. ಇದೇನು ಲೆಕ್ಕ?
– ಒಬ್ಬ ತಾಯಿ, ಶ್ರೀನಿವಾಸಪುರ

ಉತ್ತರ: ಟೀಚರ್ ತಿದ್ದಿದ್ದು ಸರಿ. ಬಾದಾಮಿ ಸಿಹಿ ಅನ್ನುವುದರಲ್ಲಿ ತಕರಾರಿಲ್ಲ, ಮಾವಿನ ಊರಿನವರಿಗೆ ಅದನ್ನು ನಾನು ಹೇಳಬೇಕೇ?

ಕನ್ನಡದಲ್ಲಿ ಹೋಲಿಸುವ ಕೆಲಸವನ್ನೆಲ್ಲ ‘ಗಿಂತ’ ಮಾಡಿಬಿಡುತ್ತದೆ. ‘ತೋತಾಪುರಿಗಿಂತ ಬಾದಾಮಿ ಸಿಹಿ’ ಅಂದರೆ ಸಾಕು. ಬೇಕಾದರೆ ‘ಜಾಸ್ತಿ ಸಿಹಿ’ ಅನ್ನುತ್ತೇವೆ. ಸಿಹಿ ಸಿಹಿಯಾಗಿಯೇ ಇರುತ್ತದೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಒಂದೇ ಸಾಲದು. ‘ಸ್ವೀಟ್’ ಹೋಗಿ ‘ಸ್ವೀಟರ್’ ಆಗಬೇಕು. ಆ ‘ಅರ್’ನಲ್ಲೇ ‘ಜಾಸ್ತಿ’ ಬಂದಾಯಿತು. ಮತ್ತೆ ‘ಮೋರ್’ ಯಾಕೆ, ಅಲ್ವಾ? ಶೇಕ್ಸ್‌ಪಿಯರ್ ಕಾಲದಲ್ಲಿ ಇಂಥ ಜೋಡಿ ರೂಪ ನಡೆಯುತ್ತಿತ್ತು, ಅವನೇ ಬರೆದಿದ್ದಾನೆ. ಎಸ್ಸೆಸ್ಸೆಲ್ಸಿ ಪೇಪರಿನಲ್ಲಿ ನಡೆಯುವುದಿಲ್ಲ.

‘ಅರ್’ ಎಲ್ಲಿ, ‘ಮೋರ್’ ಎಲ್ಲಿ? ಪದವನ್ನು ಜೋರಾಗಿ ಹೇಳಿಸಿ. ಟಾಲ್, ಸ್ವೀಟ್, ಡೀಪ್ ಒಂದೇ ಸಲಕ್ಕೆ ಬಾಯಿಂದ ಬರುತ್ತವೆ. ಇವಕ್ಕೆ ಅರ್, ‘ಎಲ್ಲಕ್ಕಿಂತ ಜಾಸ್ತಿ’ ಅನ್ನಬೇಕಾದರೆ ಎಸ್ಟ್. ‘ಬ್ಯೂ-ಟಿ-ಫುಲ್’ ಮೂರು ತುಂಡು. ಇಂಥದ್ದಕ್ಕೆ ಮೋರ್, ಮೋಸ್ಟ್. ನಮ್ಮ ಕಡೆ ‘ಸ್ವೀಟು’, ‘ಟಾಲು’ ಅಂತೀವಲ್ಲ, ಆ ‘ಉ’ವನ್ನು ಲೆಕ್ಕಕ್ಕೆ ಹಿಡಿಯಬೇಡಿ! ಎರಡು ತುಂಡಿನವೇ ಸ್ವಲ್ಪ ತಲೆನೋವು. ಹ್ಯಾಪಿ, ಈಸಿ ಥರ ಕೊನೆಗೆ ‘ವೈ’ ಅಕ್ಷರ ಇದ್ದರೆ ಹ್ಯಾಪಿಯರ್, ಈಸಿಯರ್. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ‘ಮೋರ್ ಯೂಸ್‌ಫುಲ್’ ಥರ. ಗುಡ್-ಬೆಟರ್-ಬೆಸ್ಟ್, ಬ್ಯಾಡ್-ವರ್ಸ್-ವರ್ಸ್ಟ್ ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ. ‘ಮೋರ್ ಬೆಟರ್’ ತಪ್ಪು, ‘ಮಚ್ ಬೆಟರ್’ ಸರಿ.

ಮಾರ್ಕ್ಸ್ ಜಾಸ್ತಿ ಹೋಗುವುದು ಇನ್ನೆರಡು ಕಡೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. 2001ರಲ್ಲಿ ಗಣಿಗಾರಿಕೆ ನಿಂತಿತು. ಅದರ ಬಗ್ಗೆ ‘ಇಟ್ ವಾಸ್ ಒನ್ ಆಫ್ ದಿ ಡೀಪೆಸ್ಟ್ ಮೈನ್ಸ್ ಇನ್ ದಿ ವರ್ಲ್ಡ್’ ಅಂತ ಬರೆಯಬೇಕು. ಮಕ್ಕಳು ‘ಮೈನ್’ ಅಂತ ನಿಲ್ಲಿಸಿಬಿಡುತ್ತಾರೆ. ಹಲವು ಗಣಿಗಳಲ್ಲಿ ಒಂದು ತಾನೇ? ಹಾಗಾಗಿ ಬಹುವಚನವೇ ಬೇಕು. ‘ದಿ’ಯನ್ನೂ ಬಿಡುವ ಹಾಗಿಲ್ಲ.

ಇನ್ನೊಂದು, ವಾಕ್ಯ ಬದಲಿಸುವ ಪ್ರಶ್ನೆ. ನಂದಿಬೆಟ್ಟ 1,478 ಮೀಟರ್, ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,900 ದಾಟುತ್ತದೆ, ರಾಜ್ಯಕ್ಕೇ ಎತ್ತರ. ‘ಮುಳ್ಳಯ್ಯನಗಿರಿ ಈಸ್ ದಿ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’ ಅನ್ನುವುದನ್ನು ಬದಲಿಸಿದರೆ ‘ಈಸ್ ಹೈಯರ್ ದ್ಯಾನ್ ಎನಿ ಅದರ್ ಪೀಕ್ ಇನ್ ಕರ್ನಾಟಕ’ ಆಗುತ್ತದೆ. ‘ಅದರ್’ ಬಿಟ್ಟರೆ ಆ ಬೆಟ್ಟ ತನಗಿಂತ ತಾನೇ ಎತ್ತರ ಅಂದಂತಾಗುತ್ತದೆ. ‘ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ’ ಅನ್ನುವುದನ್ನೂ ಬರೆಸಿ ನೋಡಿ. ಮೂರರ ಅರ್ಥವೂ ಒಂದೇ.

ಪ್ರಶ್ನೆ: ಆಫೀಸಿನಲ್ಲಿ ‘ಹಿ ಈಸ್ ಸೀನಿಯರ್ ದ್ಯಾನ್ ಮಿ’ ಅಂದೆ. ಪಕ್ಕದವರು ನಕ್ಕರು. ‘ಅರ್’ ಥರ ಕೇಳುತ್ತೆ, ‘ದ್ಯಾನ್’ ಬರಬೇಕಲ್ಲವೇ?
– ಒಬ್ಬ ಓದುಗರು, ತುಮಕೂರು

ಉತ್ತರ: ನಗುವಂಥದ್ದೇನಿಲ್ಲ. ಸೀನಿಯರ್, ಜೂನಿಯರ್ ಲ್ಯಾಟಿನ್‌ನಿಂದ ಬಂದ ಪದಗಳು, ಇವುಗಳ ಜೊತೆ ‘ಟು’ ಬರುತ್ತದೆ: ‘ಸೀನಿಯರ್ ಟು ಮಿ’. ‘ಎಲ್ಡರ್’ ಕೂಡ ಹೀಗೇ ಮೋಸ ಮಾಡುತ್ತದೆ. ‘ಮೈ ಎಲ್ಡರ್ ಬ್ರದರ್’ ಸರಿ, ‘ಎಲ್ಡರ್ ದ್ಯಾನ್ ಮಿ’ ತಪ್ಪು. ಅಲ್ಲಿ ‘ಓಲ್ಡರ್ ದ್ಯಾನ್ ಮಿ’ ಅನ್ನಿ.