ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿದ್ದು ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 2024ರ ಅಕ್ಟೋಬರಿನಲ್ಲಿ ಸುದ್ದಿಯಾದ ಸುಪ್ರೀಂ ಕೋರ್ಟಿನ ಹೊಸ ನ್ಯಾಯದೇವತೆಗೆ ಕಣ್ಣಿಗೆ ಬಟ್ಟೆಯಿಲ್ಲ, ಕೈಯಲ್ಲಿ ಕತ್ತಿಯ ಬದಲು ಸಂವಿಧಾನ ಇದೆ. ಯುರೋಪಿನ ಹಳೆಯ ಅಚ್ಚುಚಿತ್ರಗಳಲ್ಲಿ ಬಟ್ಟೆ ಮೊದಲಿಂದಲೂ ಇತ್ತೆ?
– ಕಾನೂನು ವಿದ್ಯಾರ್ಥಿನಿ, ಮಂಡ್ಯ

ಇರಲಿಲ್ಲ. ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1500ರ ಆಸುಪಾಸಿನಲ್ಲಿ ತಾಮ್ರದ ತಗಡಿನಲ್ಲಿ ಕೊರೆದ ‘ಧರ್ಮಸೂರ್ಯ’ ಅಂಗೈಯಷ್ಟೇ ಇರುವ ಚಿತ್ರ. ಸಿಂಹದ ಮೇಲೆ ಕೂತ ಗಂಡಸಿನ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ತಕ್ಕಡಿ, ಮುಖದ ಸುತ್ತ ಉರಿಯುವ ಕಿರಣ. ಕಣ್ಣು ತೆರೆದೇ ಇದೆ. ಸೂರ್ಯನಿಗೆ ಮರೆಯಾದದ್ದು ಯಾವುದೂ ಇಲ್ಲ ಎಂಬುದೇ ಅಲ್ಲಿಯ ಅರ್ಥ.

ಬಟ್ಟೆ ಬಂದದ್ದು ಗೇಲಿಯಾಗಿ. 1494ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಸೆಬಾಸ್ಟಿಯನ್ ಬ್ರಾಂಟ್‌ನ ‘ಮೂರ್ಖರ ಹಡಗು’ ಪುಸ್ತಕದ ಒಂದು ಮರದಚ್ಚಿನಲ್ಲಿ, ಗೆಜ್ಜೆಟೊಪ್ಪಿಗೆಯ ಮೂರ್ಖನೊಬ್ಬ ಹಿಂದಿನಿಂದ ದೇವಿಯ ಕಣ್ಣು ಕಟ್ಟುತ್ತಿದ್ದಾನೆ. ವ್ಯಾಜ್ಯದ ಚಟ ಹಿಡಿದವರನ್ನು ಛೇಡಿಸುವ ಅಧ್ಯಾಯ ಅದು. ಅರ್ಧ ಶತಮಾನದೊಳಗೆ ಅರ್ಥ ಮಗುಚಿಕೊಂಡಿತು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ 1543ರ ಕಾರಂಜಿಯಲ್ಲಿ ಕಣ್ಣು ಕಟ್ಟಿದ ದೇವಿ ನಿಂತಿದ್ದಾಳೆ. ಕಾಲಬುಡದಲ್ಲಿ ಪೋಪ್, ಚಕ್ರವರ್ತಿ, ಸುಲ್ತಾನ. ಮುಖ ನೋಡಿ ಮಣೆ ಹಾಕುವವಳಲ್ಲ ಅವಳು.

ಇಷ್ಟಕ್ಕೆ ನಿಲ್ಲಿಸದೆ ಫ್ಲೆಮಿಶ್ ಚಿತ್ರಕಾರ ಪೀಟರ್ ಬ್ರೂಗೆಲ್ 1559ರಲ್ಲಿ ಬರೆದ ‘ನ್ಯಾಯ’ ಚಿತ್ರವನ್ನೂ ನೋಡಿ. ಅದನ್ನು ತಗಡಿಗೆ ಕೊರೆದವನು ಫಿಲಿಪ್ಸ್ ಗಾಲೆ, ಪ್ರಕಟಿಸಿದವನು ಆಂಟ್ವರ್ಪ್‌ನ ಹಿರೋನಿಮಸ್ ಕಾಕ್. ನಡುವೆ ಕಣ್ಣು ಕಟ್ಟಿದ ದೇವಿ. ಸುತ್ತ ಒಬ್ಬನನ್ನು ಹಲಗೆಗೆ ಬಿಗಿದು ಬಾಯಿಗೆ ನೀರು ಹೊಯ್ಯುತ್ತಿದ್ದಾರೆ, ಇನ್ನೊಬ್ಬನ ಕತ್ತಿನ ಮೇಲೆ ಕತ್ತಿ ಎತ್ತಿದೆ, ಗುಮಾಸ್ತರು ಬರೆಯುತ್ತಲೇ ಇದ್ದಾರೆ, ದೂರದಲ್ಲಿ ನೇಣುಗಂಬ. ಇಲ್ಲಿ ಬಟ್ಟೆ ನಿಷ್ಪಕ್ಷಪಾತದ ಗುರುತೋ, ಅವಳಿಗೆ ಇದೇನೂ ಕಾಣುತ್ತಿಲ್ಲ ಎಂಬ ದೂರೋ? ದೂರೇ ಎಂದು ನಮಗೆ ಅನಿಸುತ್ತದೆ.

ಪ್ರಶ್ನೆ: ಮಕ್ಕಳಿಗೆ ತೋರಿಸಲು ಸಣ್ಣ ತಾಮ್ರದ ತಗಡಿನಲ್ಲಿ ನ್ಯಾಯದೇವತೆಯನ್ನು ಕೊರೆದೆ. ಅಚ್ಚಿನಲ್ಲಿ ಕತ್ತಿ ಎಡಗೈಗೆ ಹೋಯಿತು, ತಕ್ಕಡಿಯ ತಟ್ಟೆ ಮೂಲೆಮೂಲೆಯಾಯಿತು, ಗೆರೆಗಳು ಮಸುಕು. ಎಲ್ಲಿ ತಪ್ಪಿದೆ?
– ಚಿತ್ರಕಲಾ ಶಿಕ್ಷಕ, ಕುವೆಂಪುನಗರ, ಮೈಸೂರು

ಕತ್ತಿಯದು ಸುಲಭ. ತಗಡಿನ ಚಿತ್ರ ಕಾಗದದ ಮೇಲೆ ತಿರುಗುಮುರುಗಾಗುತ್ತದೆ. ಟ್ರೇಸಿಂಗ್ ಹಾಳೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದು, ಬರೆದ ಮುಖವನ್ನು ಕೆಳಗೆ ಮಾಡಿ ತಗಡಿನ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿ. ಸೀಸ ಹಿಡಿಯಲು ತಗಡಿಗೆ ಮೊದಲೇ ಬಿಳಿ ಪೋಸ್ಟರ್ ಬಣ್ಣವನ್ನು ತೆಳ್ಳಗೆ ಬಳಿದಿರಬೇಕು.

ತಟ್ಟೆ ಮೂಲೆಯಾಗುವುದು ಕೈ ತಿರುಗಿಸುವುದರಿಂದ. ಕೊರೆಯುವ ಉಳಿ ಒಂದೇ ದಿಕ್ಕಿಗೆ ಹೋಗಲಿ. ಇನ್ನೊಂದು ಕೈ ತಗಡನ್ನೇ ತಿರುಗಿಸಲಿ. ಅದಕ್ಕೇ ತಗಡಿನಡಿ ಮರಳು ತುಂಬಿದ ಚರ್ಮದ ದಿಂಬು ಇಡುತ್ತಾರೆ. ಹಿಡಿಯ ಬುಡ ಅಂಗೈಯಲ್ಲಿ ಕೂರಲಿ, ಉಳಿ ಹೆಚ್ಚುಕಡಿಮೆ ಮಲಗಿರಲಿ. ನೆಟ್ಟಗೆ ಹಿಡಿದರೆ ಮೊನೆ ತಾಮ್ರದಲ್ಲಿ ಹೂತು ನಿಲ್ಲುತ್ತದೆ, ತೀರಾ ಮಲಗಿಸಿದರೆ ಜಾರಿ ಬೇಡದ ಕಡೆ ಗೀರುತ್ತದೆ. ಗೆರೆಯ ಅಂಚಿನಲ್ಲಿ ಎದ್ದ ಮುಳ್ಳನ್ನು ತ್ರಿಕೋನದ ಸ್ಕ್ರೇಪರಿನಿಂದ ಹೆರೆಯಿರಿ. ಬಿಟ್ಟರೆ ಅದು ಶಾಯಿ ಹಿಡಿದು ಗೆರೆಯನ್ನು ಜೂಲುಜೂಲು ಮಾಡುತ್ತದೆ.

ಮಸುಕಿಗೆ ಸಾಮಾನ್ಯ ಕಾರಣ ಒಣ ಕಾಗದ. 250 ಜಿಎಸ್‌ಎಂನ (ಚದರ ಮೀಟರಿಗೆ 250 ಗ್ರಾಂ ತೂಗುವ) ಹತ್ತಿ ಕಾಗದವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಮೇಲೆ ನೀರು ಹೊಳೆಯದಂತೆ ಬ್ಲಾಟಿಂಗ್ ಹಾಳೆಯಲ್ಲಿ ಒತ್ತಿ ತೆಗೆಯಿರಿ. ಮೆತ್ತಗಾದ ಕಾಗದ ಗೆರೆಯೊಳಗೆ ಇಳಿದು ಶಾಯಿ ಎತ್ತಿಕೊಂಡು ಬರುತ್ತದೆ. ಆಮೇಲೂ ಮಸುಕಾದರೆ ತಗಡಿನ ಮೇಲಿನ ಶಾಯಿ ಒರೆಸುವ ಬಗೆಯನ್ನು ನೋಡಿ: ಮೆತ್ತನೆಯ ಬಟ್ಟೆ ಗೆರೆಯೊಳಗಿನ ಶಾಯಿಯನ್ನೇ ಎಳೆದುಬಿಡುತ್ತದೆ. ಗಂಜಿ ಹಾಕಿದ ಬಿರುಸು ಮಸ್ಲಿನ್ ಬಳಸಿ, ಕೊನೆಯ ಒರಸು ಬರಿ ಅಂಗೈಯಿಂದ.

ಪ್ರಶ್ನೆ: ಹಳೆಯ ಚೌಕಟ್ಟಿನ ನ್ಯಾಯದೇವತೆಯ ಚಿತ್ರ ಸಿಕ್ಕಿದೆ. ತಾಮ್ರದಚ್ಚೋ, ಈಚಿನ ಮುದ್ರಣವೋ?
– ಓದುಗರು, ಶ್ರೀರಂಗಪಟ್ಟಣ

ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ. ಸಾಲುಸಾಲು ಚುಕ್ಕಿ ಕಂಡರೆ ಈಚಿನ ಮುದ್ರಣ. ಕೊರೆದ ಗೆರೆ ಸೂಜಿಯಂತೆ ಮೊನಚಾಗಿ ಮುಗಿಯುತ್ತದೆ, ಓರೆ ಬೆಳಕಿನಲ್ಲಿ ಶಾಯಿ ಕಾಗದದಿಂದ ಕೊಂಚ ಎದ್ದು ಕಾಣುತ್ತದೆ. ಸುತ್ತಲೂ ತಗಡು ಒತ್ತಿದ ತಗ್ಗು ಇರುತ್ತದೆ, ಆದರೆ ನಕಲಿಗೂ ಆ ತಗ್ಗನ್ನು ಒತ್ತಬಹುದಾದ್ದರಿಂದ ಅದೊಂದನ್ನೇ ನಂಬಬೇಡಿ. ಹಿಂದೆ ರಟ್ಟಿಗೆ ಅಂಟಿಸಿದ್ದರೆ ನೀವೇ ಬಿಡಿಸಲು ಹೋಗಬೇಡಿ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ.