ಹಾಸನ ಹತ್ತಿರ, ಪಾಲಕ್ಕಾಡು ದೂರ

ಮಾರಾಯ, "ಒಂದು ಆ್ಯಪ್ ಹಾಕ್ಕೊಂಡ್ರೆ ಡೀಸೆಲ್ ಅರ್ಧ ಉಳಿಯುತ್ತೆ, ನಿಮ್ಮ ಕೇರಳದಲ್ಲಿ ಅಷ್ಟೂ ಗೊತ್ತಿಲ್ವಾ" ಅಂತ ಕೇಳಿದೆಯಲ್ಲ. ಗೊತ್ತಿದೆ. ಕಾಸರಗೋಡಿನ ಗಡಿ ಊರು ಪೆರ್ಲದ ಕಡೆ ಹಿಂಡಿ ಹಂಚುವ ಎಲ್ಲರಿಗೂ ಡೀಸೆಲ್ ಉಳಿಸುವ ಲೆಕ್ಕ ಬಾಯಿಪಾಠ. ಒಂದೊಂದು ಗುಡ್ಡಕ್ಕೆ ಒಂದೊಂದು ದಿನ. ಕೊನೆಗೆ ಇಳಿಸುವ ಚೀಲ ಮೊದಲು ಏರಿಸಬೇಕು. ತೋಟದ ತಳದ ಮನೆಗೆ ಪಿಕಪ್ ಇಳಿಸಿದರೆ ಮೇಲೆ ಹತ್ತಲು ಫಸ್ಟ್ ಗೇರೇ ಗತಿ. ಅವರ ಚೀಲ ಹಾಲಿನ ಸೊಸೈಟಿಯಲ್ಲೇ ಇಳಿಸುತ್ತೇನೆ, ಹಾಲು ತಂದವರು ಒಯ್ಯುತ್ತಾರೆ. ಬೈಹುಲ್ಲು ಬಿಡಿಯಾಗಿ ತಂದರೆ ಗಾಡಿ ತುಂಬ ಬರೀ ಗಾಳಿ, ಅದಕ್ಕೆ ರೋಲ್ ಕಟ್ಟಿದ್ದೇ ಬೇಕು.

ಇಷ್ಟೆಲ್ಲ ಉಳಿಸಿದ್ದನ್ನು ನುಂಗುವುದು ಗಡಿ.

ಮ್ಯಾಪ್ ತೆಗೆದು ನೋಡು. ಕೆಎಂಎಫ್‌ನ ಒಂದು ಪಶು ಆಹಾರ ಕಾರ್ಖಾನೆ ಹಾಸನದಲ್ಲಿದೆ. ಕೇರಳದ ಹಾಲು ಒಕ್ಕೂಟ ಮಿಲ್ಮಾದ್ದು ಒಂದು ಪಾಲಕ್ಕಾಡಿನ ಮಲಂಪುಳದಲ್ಲಿ, ಇನ್ನೊಂದು ಅದಕ್ಕೂ ಆಚೆ, ಆಲಪ್ಪುಳ ಜಿಲ್ಲೆಯಲ್ಲಿ. ಶಿರಾಡಿ ಘಟ್ಟ ಇಳಿದು ಬಂದರೆ ಹಾಸನ ನಮಗೆ ಪಾಲಕ್ಕಾಡಿನ ಸುಮಾರು ಅರ್ಧ ದೂರ. ಆದರೆ ನಮ್ಮ ಸೊಸೈಟಿ ಕೇರಳದ್ದು, ರಿಯಾಯಿತಿ ಚೀಲವೂ ಕೇರಳದ್ದೇ. ಅದು ಇಡೀ ಮಲಬಾರು ದಾಟಿ ಬರುತ್ತದೆ, ಆ ಡೀಸೆಲ್ ಚೀಲದ ದರದಲ್ಲೇ ಕೂತಿರುತ್ತದೆ. ಗಡಿಯ ಸಾರಡ್ಕ ದಾಟಿದರೆ ಕರ್ನಾಟಕದ ಅಡ್ಯನಡ್ಕ. ಅಲ್ಲಿನ ಸೊಸೈಟಿಯಲ್ಲಿ ನಂದಿನಿ ಹಿಂಡಿ. ಎರಡೂ ಕಡೆಯ ದನ ಒಂದೇ ಗುಡ್ಡದಲ್ಲಿ ಮೇಯುತ್ತವೆ, ಅವಕ್ಕೆ ಯಾವ ಕಾರ್ಡೂ ಇಲ್ಲ.

ಬೈಹುಲ್ಲಿನ ಕಥೆ ಇನ್ನೊಂದು. ನಮ್ಮ ಗದ್ದೆಗಳೆಲ್ಲ ಅಡಿಕೆ ತೋಟ ಆದವು, ಹುಲ್ಲು ಘಟ್ಟದ ಮೇಲಿನಿಂದಲೇ ಬರಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಗಡಿ ರಸ್ತೆಗೆ ಮಣ್ಣು ಸುರಿದರು. 2023ರ ಬರದಲ್ಲಿ ಕರ್ನಾಟಕದ ಕೆಲವು ಗಡಿ ಜಿಲ್ಲೆಗಳು ಮೇವು ಹೊರ ರಾಜ್ಯಕ್ಕೆ ಹೋಗಬಾರದು ಅಂದವು. ಬರದಲ್ಲಿ ಅವರ ದನ ಮೊದಲು, ಒಪ್ಪಿದೆ. ಆದರೆ ನಾವು ಹೊರಗಿನವರಾದದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದಾಗ, ಕೂತಲ್ಲೇ ಕೂತಿದ್ದೆವು. ನಮ್ಮ ಮಕ್ಕಳು ಈಗಲೂ ಕನ್ನಡ ಶಾಲೆಗೇ ಹೋಗುತ್ತಾರೆ. "ಕನ್ನಡ ಚೆನ್ನಾಗಿದೆ ನಿಮ್ದು" ಅಂತ ಇನ್ನೊಮ್ಮೆ ಹೊಗಳಬೇಡ ಆಯ್ತಾ.

ಡೀಸೆಲ್ ಆಚೆ ಕರ್ನಾಟಕದಲ್ಲಿ ಅಗ್ಗ. ಹುಲ್ಲು ತರಲು ಹೋದಾಗ ಟ್ಯಾಂಕ್ ತುಂಬಿಸುತ್ತೇನೆ. ಸುಮ್ನೆ ಡೀಸೆಲಿಗೇ ಅಂತ ಹೋಗುವವರೂ ಇದ್ದಾರೆ, ಉಳಿಸಿದ್ದನ್ನು ದಾರಿಯಲ್ಲೇ ಸುಟ್ಟು ಬರುತ್ತಾರೆ. ನನಗೆ ಹೊಟ್ಟೆ ಉರಿಯುವುದು ಖಾಲಿ ಗಾಡಿಗೆ. ಹೋಗುವಾಗ ಪುತ್ತೂರಿಗೆ ಅಡಿಕೆ ಹಾಕಿಕೊಂಡರೆ ಹೋಗುವ ಡೀಸೆಲ್ ದುಡ್ಡು ಹುಟ್ಟುತ್ತದೆ. ಆದರೆ ರಾಜ್ಯ ದಾಟುವ ಅಡಿಕೆಗೆ ತಡೆದು ಬಿಲ್ಲು ಕೇಳುತ್ತಾರೆ. ಮನೆ ಅಂಗಳದಲ್ಲಿ ಒಣಗಿದ ನಾಲ್ಕು ಮೂಟೆಗೆ ಯಾವ ರೈತ ಬಿಲ್ಲು ಬರೆಯುತ್ತಾನೆ ಮಾರಾಯ?